ಭುಜ ಹಿಡಿದುಕೊಂಡರೆ ಕರೆಂಟು ಕೊಟ್ಟರೆ ಸಾಕೇ?

ಭುಜನೋವೆಂದು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಬರುವವರಲ್ಲಿ ಹಲವರು ಚಿಕಿತ್ಸೆಯನ್ನು ತಾವೇ ನಿರ್ಧರಿಸಿಕೊಂಡು ಬಂದಿರುತ್ತಾರೆ. “ಮೇಡಂ, ನಾಲ್ಕು ದಿನ ಕರೆಂಟು ಕೊಟ್ಟುಬಿಡಿ, ಸಾಕು.” ಕರೆಂಟು ಎಂದರೆ ಐಎಫ್‌ಟಿ ಯಂತ್ರ, ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಹಗುರವಾಗಿ ವಿದ್ಯುತ್ ಹರಿಸುವ ಯಂತ್ರ. ಪ್ಯಾಡ್ ಇಟ್ಟ ಜಾಗ ಜುಮ್ಮೆನ್ನುತ್ತದೆ, ಸ್ವಲ್ಪ ಹೊತ್ತು ನೋವು ಹಗುರಾಗುತ್ತದೆ. ನಾನೂ ಕೊಡುತ್ತೇನೆ. ಆದರೆ ಬಿಗಿದುಕೊಂಡ ಕೀಲು ಅದರಿಂದ ಸಡಿಲವಾಗುವುದಿಲ್ಲ. ಇದನ್ನು ರೋಗಿಗೆ ಒಪ್ಪಿಸುವುದರಲ್ಲೇ ನನ್ನ ಅರ್ಧ ಕೆಲಸ ಮುಗಿಯುತ್ತದೆ.

ಐವತ್ತು ದಾಟಿದ ಬಸ್ ಕಂಡಕ್ಟರ್ ಒಬ್ಬರು ಬಲಭುಜದ ನೋವೆಂದು ಬಂದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ; ಈ ತೊಂದರೆಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಕೈ ಎತ್ತಿ ಎಂದೆ. ತೋಳು ಎದೆಯ ಮಟ್ಟಕ್ಕೆ ನಿಂತಿತು, ಹೆಗಲು ಮಾತ್ರ ಕಿವಿಯವರೆಗೆ ಏರಿತು. ಆಮೇಲೆ ಅವರ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ನಾನೇ ಹೊರಕ್ಕೆ ತಿರುಗಿಸಿ ನೋಡಿದೆ. ತುಸು ಸರಿದು ಗಕ್ಕನೆ ನಿಂತಿತು. ಸ್ನಾಯುವಿನ ಎಳೆ ಹರಿದವರಲ್ಲಿ ಸಾಮಾನ್ಯವಾಗಿ ರೋಗಿ ಎತ್ತಲಾರದ ಕೈಯನ್ನು ನಾವು ಎತ್ತಬಹುದು. ಇಲ್ಲಿ ಇಬ್ಬರಿಗೂ ಆಗುವುದಿಲ್ಲ. ಕೀಲನ್ನು ಸುತ್ತಿದ ಪೊರೆಯೇ ದಪ್ಪಗಾಗಿ ಕುಗ್ಗಿರುತ್ತದೆ. ಇದೇ ಫ್ರೋಜನ್ ಶೋಲ್ಡರ್.

“ಶುಗರ್ ಇದೆಯಾ ಸಾರ್?” ಎಂದು ಕೇಳಿದೆ.

“ಇದೆ. ಭುಜಕ್ಕೂ ಅದಕ್ಕೂ ಏನು ಸಂಬಂಧ ಮೇಡಂ?”

ಬಹಳ ಸಂಬಂಧವಿದೆ. ಮಧುಮೇಹ ಇರುವವರಲ್ಲಿ ಇದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಬಿಟ್ಟುಹೋಗಲು ತಡವೂ ಹೆಚ್ಚು. ಥೈರಾಯ್ಡ್ ತೊಂದರೆ ಇರುವವರಲ್ಲೂ ಕಾಣಿಸುತ್ತದೆ. ಮೂಳೆ ವೈದ್ಯರು ಕೀಲಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು. ಹಾಗಾಗಿ ಶುಗರ್ ಇರುವುದನ್ನು ಅವರಿಗೆ ಮರೆಯದೆ ಹೇಳಿ ಎಂದು ನಾನು ಮೊದಲೇ ಎಚ್ಚರಿಸುತ್ತೇನೆ.

“ಎಷ್ಟು ನೋವಿದೆ?” ಎಂಬುದಕ್ಕಿಂತ “ಯಾವ ಕೆಲಸ ಆಗುತ್ತಿಲ್ಲ?” ಎಂದು ಕೇಳುವುದು ಲೇಸು. ನೋವಿಗೆ ಅಂಕ ಕೊಡಿ ಎಂದರೆ ಎಲ್ಲರೂ ಹತ್ತಕ್ಕೆ ಎಂಟು ಎನ್ನುತ್ತಾರೆ. ಕೆಲಸ ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತದೆ. ಹೆಂಗಸರು ಜಡೆ ಹೆಣೆಯಲಾಗದ್ದನ್ನು ಹೇಳುತ್ತಾರೆ, ರವಿಕೆಯ ಹಿಂದಿನ ಹುಕ್ಕು ಸಿಗದ್ದನ್ನು ತುಸು ತಡೆದು ಹೇಳುತ್ತಾರೆ. ಈ ಕಂಡಕ್ಟರಿಗೆ ಬಸ್ಸಿನ ಮೇಲಿನ ಕಂಬಿ ಎಟುಕುತ್ತಿರಲಿಲ್ಲ, ಹಿಂದಿನ ಜೇಬಿನ ಪರ್ಸು ತೆಗೆಯಲು ಆಗುತ್ತಿರಲಿಲ್ಲ. ಅವರ ಕಾರ್ಡಿನಲ್ಲಿ, ಕೈ ಎಷ್ಟು ಏರುತ್ತದೆ, ಎಷ್ಟು ತಿರುಗುತ್ತದೆ ಎಂಬ ಕೋನದ ಲೆಕ್ಕದ ಪಕ್ಕದಲ್ಲೇ ಈ ಎರಡನ್ನೂ ಬರೆದೆ.

ಕಲಿಸಿದ್ದು ಹೆಚ್ಚೇನಲ್ಲ. ಮೇಜಿಗೆ ಎಡಗೈ ಊರಿ ಬಗ್ಗಿ, ನೋಯುವ ಕೈಯನ್ನು ಇಳಿಬಿಟ್ಟು ತೂಗುವುದು. ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸುವುದು. ಮುಖ್ಯವಾದದ್ದು ಕೋಲಿನ ವ್ಯಾಯಾಮ: ಅಂಗಾತ ಮಲಗಿ, ಬಲ ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಎಡಗೈಯಿಂದ ಕೋಲು ದೂಡುತ್ತಾ ಬಲ ಮುಂಗೈಯನ್ನು ಹೊರಕ್ಕೆ ಒಯ್ಯುವುದು. ಟವೆಲ್ ಜಾರಿತೆಂದರೆ ತಿರುಗುತ್ತಿರುವುದು ಭುಜವಲ್ಲ, ಕಳ್ಳಾಟ ನಡೆದಿದೆ ಎಂದೇ ಅರ್ಥ. ಒಮ್ಮೆಗೆ ಅರ್ಧ ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಮಾಡಿದರೆ ಒಳ್ಳೆಯದು. ಟ್ರಿಪ್ಪುಗಳ ನಡುವೆ ಬಸ್ ನಿಂತಾಗ, ಬಸ್ಸಿನ ಪಕ್ಕಕ್ಕೇ ಬೆರಳು ನಡೆಸಿ ಎಂದೆ. ನಕ್ಕರು, ಆದರೆ ಮಾಡಿದರು.

ರಾತ್ರಿ ಆ ಮಗ್ಗುಲಿಗೆ ಹೊರಳಲೂ ಆಗದಷ್ಟು ನೋವಿರುವ ಮೊದಲ ಹಂತದಲ್ಲಿ ಜಗ್ಗಿ ಎಳೆಯಬಾರದು. “ಅತ್ತರೂ ಬಿಡಬೇಡಿ, ಎಳೆಯಿರಿ” ಎಂದು ಧೈರ್ಯ ತುಂಬುವ ಮನೆಯವರನ್ನು ನಾನು ಹೊರಗೆ ಕೂರಿಸುತ್ತೇನೆ. ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಂಡು ನೋವು ಇಮ್ಮಡಿಯಾದ ಮೇಲೆ ಬರುವವರೂ ಇದ್ದಾರೆ.

ನೋವು ಇಳಿದ ಕೂಡಲೇ ಬರುವುದನ್ನು ನಿಲ್ಲಿಸುವುದು ಇನ್ನೊಂದು ತೊಂದರೆ. ನೋವು ಮೊದಲು ಹೋಗುತ್ತದೆ, ಬಿಗಿತ ತಿಂಗಳುಗಟ್ಟಲೆ ಉಳಿಯುತ್ತದೆ; ಕೆಲವರಿಗೆ ಪೂರ್ತಿ ಬಿಡಲು ಒಂದೆರಡು ವರ್ಷವೇ ಬೇಕು. ಕಂಡಕ್ಟರೂ ನಿಲ್ಲಿಸುವವರಿದ್ದರು. ಕಾರ್ಡು ತೆಗೆದು, “ಪರ್ಸು ಕೈಗೆ ಸಿಗುತ್ತದೆಯಾ?” ಎಂದೆ. ಸಿಗುತ್ತಿರಲಿಲ್ಲ. ಮತ್ತೆ ಬಂದರು. ಕಂಬಿ ಎಟುಕಿದ ಮೇಲೂ ಪರ್ಸಿಗೆ ಬಹಳ ದಿನ ಬೇಕಾಯಿತು. ಮಧುಮೇಹಿಗಳಲ್ಲಿ ಎರಡನೆಯ ಭುಜಕ್ಕೂ ಇದು ಬರುವುದುಂಟು. ಆದ್ದರಿಂದ ಈಗ ಅವರು ಬಂದಾಗಲೆಲ್ಲ ಎಡಗೈಯನ್ನೂ ಹೊರಕ್ಕೆ ತಿರುಗಿಸಿ ನೋಡುತ್ತೇನೆ.