ನೀರಿನ ಪಕ್ಕ ನಾಲ್ಕು ವಾರ, ಒಂದೇ ಜಾಗ

ಸಮುದ್ರ ಸೇರುವ ನದಿಯ ದಡದಲ್ಲಿ, ಕಲಾವಿದರು ಕೆಲಕಾಲ ತಂಗಿ ಕೆಲಸ ಮಾಡುವ ರೆಸಿಡೆನ್ಸಿಯೊಂದರಲ್ಲಿ ನಾಲ್ಕು ವಾರ ಇದ್ದು, ನೀರಿನ ಚಿತ್ರ ಬರೆದು ಬಂದೆ. ಇಂಥದ್ದಕ್ಕೆ ಹೊರಟವರಿಗೆ ಮೊದಲ ಮಾತು: ಒಳ್ಳೆ ಜಾಗ ಹುಡುಕುತ್ತಾ ಅಲೆಯಬೇಡಿ. ನನ್ನ ಮೊದಲ ವಾರ ಹಾಗೇ ಹೋಯಿತು. ದಿನಕ್ಕೊಂದು ದಡ, ದಿನಕ್ಕೊಂದು ಚಿತ್ರ. ಒಂದರಲ್ಲೂ ನೀರು ನೀರಾಗಿ ಕಾಣಲಿಲ್ಲ. ಎರಡನೇ ವಾರ ದೋಣಿಗಳನ್ನು ಕಟ್ಟಿ ನಿಲ್ಲಿಸುವ ಕಡೆ ಕೂತೆ. ಕೊನೇ ದಿನದವರೆಗೂ ಅಲ್ಲೇ.

ಒಂದೇ ಕಡೆ ಕೂತರೆ ಕಣ್ಣು ನಿಧಾನಕ್ಕೆ ಪಳಗುತ್ತದೆ. ಕಪ್ಪು ದೋಣಿಯ ಪ್ರತಿಬಿಂಬ ದೋಣಿಗಿಂತ ತುಸು ತಿಳಿ. ಬಿಳಿ ಗೋಡೆಯದ್ದು ಗೋಡೆಗಿಂತ ತುಸು ಮಂಕು. ನಾನು ಎರಡಕ್ಕೂ ಮೇಲಿನ ಬಣ್ಣವನ್ನೇ ಬಳಿಯುತ್ತಿದ್ದೆ, ಅದಕ್ಕೇ ನೀರು ಗಾಜಿನಂತೆ ಬಿಗಿಯುತ್ತಿತ್ತು. ಕಾಲ ಬುಡದಲ್ಲಿ ತಳದ ಮಣ್ಣು ಕಾಣುತ್ತದೆ, ದೂರ ಹೋದಂತೆ ಬರೀ ಆಕಾಶ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದ್ದರೆ ಬಣ್ಣ ಕಲಸುವ ಮೊದಲು ತೆಗೆಯಿರಿ. ನೀರಿನ ಮೇಲಿನ ಹೊಳಪನ್ನೇ ಅದು ತಡೆಯುತ್ತದೆ.

ಸಾಮಾನು ಜಾಸ್ತಿ ಬೇಡ. 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದ, ನಾಲ್ಕು ಮೂಲೆಗೂ ಕ್ಲಿಪ್, ಪೆನ್ಸಿಲ್, ಜಲವರ್ಣ. ಗಾಳಿಗೆ ಈಸೆಲ್ (ಹಾಳೆ ನಿಲ್ಲಿಸುವ ಸ್ಟ್ಯಾಂಡ್) ಉರುಳದಂತೆ ಅದರ ನಡುವೆ ಚೀಲ ನೇತುಹಾಕಿ. ತೇವದ ಬೆಳಿಗ್ಗೆ ಮೊದಲ ಪದರ ಒಣಗಲು ತುಂಬಾ ಹೊತ್ತು ಹಿಡಿಯುತ್ತದೆ. ಆ ಹೊತ್ತಲ್ಲಿ ಪಕ್ಕದ ಪುಸ್ತಕದಲ್ಲಿ ಪೆನ್ಸಿಲ್ ಗೀರುಗಳನ್ನು ಹಾಕುತ್ತಿರಿ. ಬ್ರಷ್ ತೊಳೆದ ನೀರನ್ನು ಮಾತ್ರ ದಯವಿಟ್ಟು ಹೊಳೆಗೆ ಚೆಲ್ಲಬೇಡಿ. ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹ ಇರುವ ಬಣ್ಣಗಳು ಮೀನುಗಳಿಗೆ ಹಾನಿ ಮಾಡಬಹುದು. ಡಬ್ಬಿಯಲ್ಲಿ ವಾಪಸ್ ತನ್ನಿ.

ಇನ್ನು ಉಬ್ಬರ ಇಳಿತ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತದೆ. ಇವತ್ತು ಎಂಟು ಗಂಟೆಗೆ ಕಂಡ ಕೆಸರಿನ ಅಂಚು ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ನೀರಡಿ ಇರುತ್ತದೆ. ಬೆಳಕು ಬದಲಾದಂತೆ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ ಕ್ಯಾನ್ವಾಸ್ ಬದಲಿಸುತ್ತಿದ್ದರು ಅಲ್ವಾ, ನಾನೂ ನೀರಿನ ಒಂದೊಂದು ಮಟ್ಟಕ್ಕೆ ಒಂದೊಂದು ಹಾಳೆ ಇಟ್ಟುಕೊಂಡೆ. ಹಾಳೆಯ ಹಿಂಬದಿಯಲ್ಲಿ ದಿನ, ಹೊತ್ತು ಬರೆದಿಟ್ಟೆ. ಸುಮಾರು ಹದಿನೈದು ದಿನಕ್ಕೆ ಅದೇ ಹೊತ್ತಿಗೆ ಅದೇ ಇಳಿತ ಮತ್ತೆ ಬರುತ್ತದೆ. ಅದಕ್ಕೇ ಒಂದು ವಾರದ ಅವಕಾಶಕ್ಕಿಂತ ಮೂರು ವಾರದ್ದಕ್ಕೆ ಅರ್ಜಿ ಹಾಕಿ.

ಎಂಟನೇ ದಿನ ಅರ್ಧಕ್ಕೆ ನಿಂತ ಹಾಳೆಯನ್ನು ಇಪ್ಪತ್ಮೂರನೇ ದಿನ ಬೆಳಿಗ್ಗೆ ಮತ್ತೆ ಹೊರಗೆ ತೆಗೆದೆ. ಕೆಸರಿನ ಅಂಚು ನಾನು ಗೀರು ಎಳೆದಿದ್ದ ಹತ್ತಿರವೇ ಇತ್ತು.