ಒಂದು ಸುತ್ತಿಗೆ ಎರಡು ಟಕ್

ನನ್ನ ಜೀಪಿನ ಮುಂಗಡೆಯ ಆ್ಯಕ್ಸಲ್‌ನ (ಚಕ್ರಗಳ ಅಚ್ಚಿನ) ಸದ್ದು ಕೊನೆಗೂ ಸಿಕ್ಕಿಬಿದ್ದಿದೆ. ಬೇಸಗೆಯಿಡೀ ತಲೆ ತಿಂದದ್ದು ಎಡಗಡೆಯ ನಕಲ್‌ನೊಳಗೆ, ಅಂದರೆ ಸ್ಟಿಯರಿಂಗ್‌ಗೆ ತಕ್ಕಂತೆ ಚಕ್ರ ಹೊರಳುವ ಗೆಣ್ಣಿನೊಳಗೆ, ಇದ್ದ ಕ್ರಾಸ್; ಬಾಗಿದಾಗಲೂ ಶಾಫ್ಟನ್ನು ತಿರುಗಿಸುವ ಕೀಲು ಅದು. ಹಬ್ ಕಳಚಿದ್ದು, ಡ್ರಮ್ಮು ಎಳೆದದ್ದು, ಶಿಮ್‌ಗಳ ಲೆಕ್ಕ ಎಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಸದ್ದನ್ನು ಹಿಡಿದ ಬಗೆಯನ್ನು ಮಾತ್ರ ಬರೆದಿಡಬೇಕು. ಏಕೆಂದರೆ ಬದಿಯಡ್ಕದಿಂದ ಪುತ್ತೂರಿನವರೆಗೆ ಕೇಳಿದವರೆಲ್ಲ ‘ವೀಲ್ ಬೇರಿಂಗ್’ ಎಂದೇ ತೀರ್ಪು ಕೊಟ್ಟಿದ್ದರು.

ಲಕ್ಷಣ ಹೀಗಿತ್ತು. ಹಬ್ ಲಾಕ್ ಆಗಿದ್ದು (ಅಂದರೆ ಮುಂಚಕ್ರಕ್ಕೆ ಅದರ ಶಾಫ್ಟನ್ನು ಜೋಡಿಸಿದ್ದು), ಗಾಡಿ ಟೂ ವೀಲ್‌ನಲ್ಲಿದ್ದು (ಎಂಜಿನ್ ಹಿಂಚಕ್ರಗಳನ್ನು ಮಾತ್ರ ಓಡಿಸುತ್ತಿದ್ದು), ಪೆರ್ಲದ ಕಡೆಯ ತಿರುವುಗಳಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಟಕ್ ಟಕ್ ಟಕ್. ನೇರ ರಸ್ತೆಯಲ್ಲಿ ಹೆಚ್ಚುಕಡಿಮೆ ಇಲ್ಲ. ಫೋರ್ ವೀಲ್ ಹಾಕಿ ತೋಟದ ಏರು ಹತ್ತಿಸಿದರೆ ಸಾಧುಪ್ರಾಣಿ. ಹಬ್ ಫ್ರೀ ಮಾಡಿದರಂತೂ ಸದ್ದಿನ ಸುಳಿವೇ ಇಲ್ಲ. ‘ಹಬ್ ಫ್ರೀ ಇದ್ದರೂ ಬೇರಿಂಗ್ ತಿರುಗುತ್ತಲೇ ಇರುತ್ತದಲ್ಲ ಮೇಸ್ತ್ರಿಗಳೇ?’ ಎಂದೆ. ಅವರು ಗಂಭೀರವಾಗಿ ಯೋಚಿಸಿ, ‘ಅದು ಹೌದು. ಆದರೂ ಒಮ್ಮೆ ಬೇರಿಂಗ್ ಬದಲಿಸಿ ನೋಡುವ’ ಎಂದರು.

ಒಂದೊಂದೇ ಹಬ್ ಲಾಕ್ ಮಾಡಿ ನೋಡಿದರೆ ಯಾವ ಬದಿಯದೆಂದು ತಿಳಿಯುತ್ತದೆ ಎಂಬ ಉಪದೇಶವೂ ಬಂತು. ಎಡದ್ದು ಮಾತ್ರ ಲಾಕ್ ಮಾಡಿದರೂ ಸದ್ದು, ಬಲದ್ದು ಮಾತ್ರ ಮಾಡಿದರೂ ಸದ್ದು! ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಗೇರುಪೆಟ್ಟಿಗೆಯ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುವುದಕ್ಕಿಂತ ಆಚೆಬದಿಯ ಬಿಡುಗಡೆಯಾದ ಶಾಫ್ಟನ್ನು ಉಲ್ಟಾ ತಿರುಗಿಸುವುದು, ಎರಡು ಚಕ್ರಗಳಿಗೆ ಸುತ್ತು ಹಂಚುವ ಡಿಫರೆನ್ಷಿಯಲ್‌ಗೆ ಸುಲಭ. ಹಾಗಾಗಿ ಫ್ರೀ ಇರುವ ಬದಿಯ ಕ್ರಾಸ್ ಕೂಡ ಒಳಗೊಳಗೇ ತಿರುಗುತ್ತದೆ; ಡಿಫರೆನ್ಷಿಯಲ್ ಹೊತ್ತ ದೊಡ್ಡ ಗೇರು ಕ್ರೌನ್ ಮಾತ್ರ ಬಹುಮಟ್ಟಿಗೆ ಸುಮ್ಮನಿರುತ್ತದೆ. ಬದಿ ತಿಳಿಯಲಿಲ್ಲ, ಆದರೆ ಕ್ರೌನೂ ಅದಕ್ಕೆ ಕಚ್ಚುವ ಚಿಕ್ಕ ಗೇರು ಪಿನಿಯನ್ನೂ ನಿರಪರಾಧಿ ಎಂದು ಗೊತ್ತಾಯಿತು. ಅದರ ಬೆಲೆ ನೆನೆದು ಆ ರಾತ್ರಿ ಚೆನ್ನಾಗಿ ಉಂಡೆ.

ಆಮೇಲೆ ಎಣಿಕೆ. ನನ್ನದು ಹಳೆಯ ವಿಲ್ಲಿಸ್ ಅನುಪಾತ: ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ಅಂದರೆ 5.38. 6.00-16 ಟಯರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಹದಿಮೂರಕ್ಕೂ ಹೆಚ್ಚು. ಹದಿಮೂರನ್ನು ಕಿವಿ ಎಣಿಸಲಾರದು, ಅದು ಗುಂಯ್ಗುಡುತ್ತದೆ. ಟಕ್ ಎಂದು ಬಿಡಿಬಿಡಿಯಾಗಿ ಕೇಳುವುದು ಚಕ್ರದ ವೇಗಕ್ಕೆ ಸೇರಿದ್ದು. ಟಯರಿಗೆ ಸೀಮೆಸುಣ್ಣದ ಗೆರೆ ಎಳೆದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಅಳಿಯನಿಂದ ಗಾಡಿ ತಳ್ಳಿಸಿದೆ. ಒಂದು ಸುತ್ತಿಗೆ ಸರಿಯಾಗಿ ಎರಡು ಟಕ್. ಬಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಳಿಸುತ್ತದೆ, ಅದರ ತೋಳುಗಳ ತುದಿಯ ಸವೆದ ಕಪ್ಪುಗಳು (ಸೂಜಿ ಬೇರಿಂಗಿನ ಟೊಪ್ಪಿಗಳು) ಆಗ ಅತ್ತಿತ್ತ ಬಡಿಯುತ್ತವೆ. ಫೋರ್ ವೀಲ್‌ನಲ್ಲಿ ಏರು ಹತ್ತುವಾಗ ಭಾರ ಒಂದೇ ಕಡೆಗೆ ಒತ್ತಿ ಹಿಡಿಯುವುದರಿಂದ ಬಡಿತವಿಲ್ಲ. ನೇರ ರಸ್ತೆಯಲ್ಲಿ ಬಾಗೇ ಇಲ್ಲ.

ಬದಿ ಹಿಡಿಯಲು ಜಾಕ್ ಒಂದೇ ಸಾಕಾಯಿತು. ಎರಡೂ ಹಬ್ ಲಾಕ್, ಗೇರ್ ಟೂ ವೀಲ್‌ನಲ್ಲಿ, ಒಂದೇ ಚಕ್ರ ಮೇಲೆ. ನೆಲದಲ್ಲಿರುವ ಚಕ್ರ ತನ್ನ ಶಾಫ್ಟನ್ನು ಅಲುಗಲು ಬಿಡದು. ಎತ್ತಿದ ಬದಿಯ ಶಾಫ್ಟ್ ಮಾತ್ರ ತಿರುಗುತ್ತದೆ. ಬಲ ಎತ್ತಿ ಕೈಯಲ್ಲಿ ತಿರುಗಿಸಿದೆ, ನಯ. ಎಡ ಎತ್ತಿದೆ, ಟಕ್, ಟಕ್. ಡ್ರೈವರ್ ಸೀಟಿಗೆ ಸದ್ದು ಬಲದಿಂದಲೇ ಕೇಳುತ್ತಿತ್ತು, ಆ್ಯಕ್ಸಲ್ ಕೊಳವೆ ಅಷ್ಟು ಚಾಡಿಕೋರ.

ಬಿಚ್ಚಿದಾಗ ಒಂದು ಕಪ್ಪಿನಲ್ಲಿ ಸೂಜಿಗಳಿರಬೇಕಾದಲ್ಲಿ ಒದ್ದೆಯಾದ ಕೆಂಪು ಪುಡಿ. ಕ್ರಾಸಿನ ತೋಳಿನ ಮೇಲೆ ಸಾಲುಸಾಲು ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಮಳೆಗಾಲದಲ್ಲಿ ತೋಡು ದಾಟುವಾಗ ಸವೆದ ಫೆಲ್ಟ್ ಸೀಲಿನ ಮೂಲಕ ನೀರು ನುಗ್ಗಿ ಗ್ರೀಸನ್ನು ಕೆಸರು ಮಾಡಿದೆ.

ಬಿಡಿಭಾಗದ ಕಥೆ ಬೇರೆ. ಮಂಗಳೂರಿನ ಅಂಗಡಿಯಾತ ‘ಅಸಲಿ’ ಎಂದು ಕೊಟ್ಟ ಕ್ರಾಸಿನ ಕಪ್, ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ! ವರ್ನಿಯರ್ ಹಿಡಿದು ತೋರಿಸಿದರೆ, ‘ಓಡಿಸಿದ ಮೇಲೆ ಟೈಟಾಗುತ್ತದೆ’ ಎಂಬ ಸಮಾಧಾನ. ಲೋಹ ಬೆಳೆಯುತ್ತದೆಂದು ಅಂದೇ ತಿಳಿದದ್ದು. ಪುತ್ತೂರಿನ ಹಳೆ ದಾಸ್ತಾನಿನಿಂದ ತಂದದ್ದು ವೈಸ್ ಹಾಕಿ ಒತ್ತುವಷ್ಟು ಬಿಗಿಯಾಗಿತ್ತು, ಕಪ್ಪನ್ನು ಹಿಡಿದಿಡುವ ಸರ್ಕ್ಲಿಪ್ಪೂ ತನ್ನ ಕಚ್ಚಿನಲ್ಲಿ ಕೂತಿತು. ನಕಲ್ ಹೊರಳುವ ಕೀಲಾದ ಕಿಂಗ್‌ಪಿನ್‌ನ ಬಿಗಿಯನ್ನು ಅಡಿಕೆ ತೂಗುವ ಸ್ಪ್ರಿಂಗ್ ತ್ರಾಸಿನಲ್ಲೇ ಎಳೆದು ನೋಡಿದೆ. ಮನೆಯಲ್ಲಿ ಅದಕ್ಕೆ ಆಕ್ಷೇಪ ಬಂತು, ಗ್ರೀಸ್ ಮೆತ್ತಿತ್ತು.

ತ್ರಾಸು ಎಂದಾಗ ನೆನಪಾಯಿತು. ಮುಂದಿನ ಯೋಜನೆ ಟ್ರಾನ್ಸ್‌ಫರ್ ಕೇಸಿನ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆಯ) ಪಿಟಿಒದಿಂದ, ಅಂದರೆ ಹೊರಗಿನ ಯಂತ್ರಕ್ಕೆ ಎಂಜಿನ್ ಶಕ್ತಿ ಕೊಡುವ ತುದಿಯಿಂದ, ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು ಓಡಿಸುವುದು. 100 ಲೀಟರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ. ಆ ತುತ್ತು ಕಬ್ಬಿಣವನ್ನು ತಿನ್ನುವುದರಿಂದ ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಮಳೆ ಶುರುವಾಗುವ ಮೊದಲೇ ಹೊಡೆಯಬೇಕು, ಹಾಗಾಗಿ ಈ ವರ್ಷಕ್ಕೆ ಆಗುವ ಮಾತಲ್ಲ.

ಬಲಗಡೆಯ ಕ್ರಾಸನ್ನೂ ಬದಲಿಸುತ್ತೇನೆ, ಅದೂ ಅದೇ ತೋಡಿನ ನೀರು ಕುಡಿದದ್ದೇ. ನಕಲ್‌ನ ಫೆಲ್ಟ್ ಸೀಲ್ ಮಾತ್ರ ಸರಿಯಾದ ಅಳತೆಯದು ಎಲ್ಲೂ ಸಿಗುತ್ತಿಲ್ಲ. ಉಪ್ಪಳದಿಂದ ಸುಳ್ಯದ ನಡುವೆ ಯಾರ ಶೆಡ್ಡಿನಲ್ಲಾದರೂ ಒಂದು ಜೊತೆ ಧೂಳು ತಿನ್ನುತ್ತಿದ್ದರೆ ತಿಳಿಸಿ, ಹೇಳಿದ ಬೆಲೆಗೆ ಕೊಳ್ಳುತ್ತೇನೆ. ಚೌಕಾಸಿ ಮಾಡುವುದಿಲ್ಲ ಎಂದೇನೂ ಹೇಳುತ್ತಿಲ್ಲ.