ನಾಲ್ಕನೆಯ ಪ್ಯಾರಾ

ಆ ರಾತ್ರಿ ನಾನು ಓದುತ್ತಿದ್ದುದು, ಕಾರ್ಖಾನೆಯೊಂದು ಅಂತರ್ಜಲಕ್ಕೆ ವಿಷ ಬಿಡುತ್ತಿದ್ದುದನ್ನು ಬಯಲಿಗೆಳೆದ ತನಿಖಾ ವರದಿ. ಮೂರು ಪ್ಯಾರಾ ಓದಿದೆ. ನಾಲ್ಕನೆಯದರಲ್ಲಿ, ಪ್ರಯೋಗಾಲಯ ಏನು ಕಂಡುಹಿಡಿಯಿತು ಎಂಬಲ್ಲಿಗೆ ಬಂದಾಗ, ಅಕ್ಷರಗಳು ಸಾಲಿನಿಂದ ಸಾಲಿಗೆ ಮಸುಕಾಗುತ್ತ ಬಿಳಿಯಲ್ಲಿ ಕರಗಿಹೋದವು. ಕೆಳಗೊಂದು ಚೌಕ: ಮುಂದೆ ಓದಲು ಚಂದಾದಾರರಾಗಿ.

ಸಿಟ್ಟು ಬಂತು. ಪುಕ್ಕಟೆಯಾಗಿ ಬೇರೆಲ್ಲಾದರೂ ಸಿಕ್ಕೀತೆಂದು ಹುಡುಕಿದೆ. ಐದು ಜಾಲತಾಣಗಳಲ್ಲಿ ಸಿಕ್ಕಿತು. ಐದರಲ್ಲೂ ಇದ್ದುದು ಅದೇ ಮೂರು ಪ್ಯಾರಾಗಳ ಸಾರ. ಒಂದರಲ್ಲಂತೂ ಮೂಲದ ಅಕ್ಷರದೋಷವೂ ಹಾಗೆಯೇ ಉಳಿದಿತ್ತು. ನಾಲ್ಕನೆಯ ಪ್ಯಾರಾ ಯಾರಲ್ಲೂ ಇರಲಿಲ್ಲ. ಬಾವಿಯ ನೀರನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಕೊಂಡೊಯ್ದ ವರದಿಗಾರ್ತಿ ಒಬ್ಬರೇ. ಉಳಿದವರೆಲ್ಲ ಕುಳಿತಲ್ಲೇ ನಕಲು ಮಾಡಿದವರು.

ಇಂಥ ಓಡಾಟದ ಖರ್ಚನ್ನು ಮೊದಲು ಬಹುಮಟ್ಟಿಗೆ ಜಾಹೀರಾತುಗಳೇ ಹೊರುತ್ತಿದ್ದವು. ಆ ಹಣ ಗೂಗಲ್, ಫೇಸ್‌ಬುಕ್‌ಗಳ ಪಾಲಾದ ಮೇಲೆ ಹೊರೆ ಓದುಗರ ಹೆಗಲಿಗೆ ಬಂತು. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ತಿಂಗಳಿಗೆ 20 ಬರಹ ಉಚಿತ, ಆಮೇಲೆ ಹಣ ಎಂದಿತು. ಇಂದು ಅದರ ಚಂದಾದಾರರು ಒಂದು ಕೋಟಿಗೂ ಹೆಚ್ಚು. ಪದಬಂಧ, ಅಡುಗೆಯ ವಿಭಾಗಗಳಿಗಷ್ಟೇ ಸೇರಿದವರೂ ಅದರಲ್ಲಿದ್ದಾರೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ತನ್ನ ತಾಣಕ್ಕೆ ಬೀಗ ಹಾಕದೆ, ಮನಸ್ಸಿದ್ದವರು ಕೊಡಿ ಎಂದು ಕೇಳುತ್ತದೆ. ನನಗೆ ಹಿಡಿಸುವುದು ಈ ದಾರಿಯೇ. ಬೀಗದ ಹೊರಗೆ ಉಳಿದವರಿಗೆ ಗಾಳಿಸುದ್ದಿ ಯಾವಾಗಲೂ ಉಚಿತವಾಗಿಯೇ ಸಿಗುತ್ತದೆ.

ಆದರೂ ಹಣ ಕಟ್ಟಲು ಕೈ ಹಿಂಜರಿಯಿತು. ಹಿಂದೊಮ್ಮೆ ಇನ್ನೊಂದು ಪತ್ರಿಕೆಗೆ ಒಂದೇ ಕ್ಲಿಕ್ಕಿನಲ್ಲಿ ಚಂದಾದಾರಳಾಗಿದ್ದೆ. ಬಿಡಬೇಕೆಂದಾಗ ಮೂರು ಸಲ ದೂರವಾಣಿ ಮಾಡಬೇಕಾಯಿತು. ಓದುಗರ ನಂಬಿಕೆಯನ್ನು ಬೇಡುವವರು ಹೀಗೆ ಕಟ್ಟಿಹಾಕಬಾರದು.

ಕೊನೆಗೆ ಕಾರ್ಡಿನ ಅಂಕಿಗಳನ್ನು ಒತ್ತಿದೆ. ಮಸುಕು ಸರಿಯಿತು. ಪ್ರಯೋಗಾಲಯದ ಹಾಳೆಯ ಚಿತ್ರವೇ ಅಲ್ಲಿತ್ತು, ಅಂಚಿನಲ್ಲಿ ಪೆನ್ನಿನಿಂದ ಗೀಚಿದ ದಿನಾಂಕದೊಂದಿಗೆ. ಮೊದಲ ಮಾದರಿಗೂ ಕೊನೆಯದಕ್ಕೂ ನಡುವೆ ಏಳು ತಿಂಗಳ ಅಂತರ. ಒಂದು ನಾಲ್ಕನೆಯ ಪ್ಯಾರಾಕ್ಕಾಗಿ ಏಳು ತಿಂಗಳು!

ಗೆಳತಿಗೆ ಕೊಂಡಿ ಕಳಿಸಿದೆ. ಐದು ನಿಮಿಷದಲ್ಲಿ ಅವಳ ಕರೆ ಬಂತು: "ಮೂರು ಪ್ಯಾರಾ ಆದ ಮೇಲೆ ಏನೂ ಕಾಣುತ್ತಿಲ್ಲವಲ್ಲೇ?" ನಾನು ಕನ್ನಡಕ ಹಾಕಿಕೊಂಡು, ನಾಲ್ಕನೆಯದರಿಂದ ಅವಳಿಗೆ ಓದಿ ಹೇಳತೊಡಗಿದೆ.